ಎಸ್ಟೋನಿಯಾದ ಹುಡುಗಿ, ನಮ್ಮ ಓನರ್ ಅಜ್ಜಿ

ಹೊಟ್ಟೆಕಿಚ್ಚು ಪಡಲು ನನಗೆ ಪ್ರತಿವರ್ಷ ಏನಾದರೊಂದು ಕಾರಣ ಸಿಕ್ಕೇ ಸಿಗುತ್ತದೆ. ಈ ವರ್ಷದ್ದು ಎಸ್ಟೋನಿಯಾದಿಂದ ಬಂತು. ನಮ್ಮ ಕಾಲೇಜಿಗೂ ಅಲ್ಲಿನ ಒಂದು ಕಾಲೇಜಿಗೂ ಒಪ್ಪಂದ: ವಾರಕ್ಕೊಮ್ಮೆ ವಿಡಿಯೋ ಕಾಲ್, ಅವರ ಹಾಡು ನಾವು ಕಲಿಯಬೇಕು, ನಮ್ಮದು ಅವರು. ಎಂ.ಎಸ್ಸಿ. ಕೆಮಿಸ್ಟ್ರಿಯ ನನಗೆ ಜೋಡಿಯಾಗಿ ಸಿಕ್ಕವಳು ಅಲ್ಲಿನ ಒಬ್ಬ ಹುಡುಗಿ.

ಗುರು

ಬ್ರೂಕ್‌ಫೀಲ್ಡ್‌ನಲ್ಲಿ ನನ್ನ ಮಹಡಿ ಮೇಲಿನ ರೂಮಿನ ಓನರ್ ಅಜ್ಜಿ, ಆ ಜಾಗ ಇನ್ನೂ ಹೊಲವಾಗಿದ್ದಾಗಿನಿಂದ ಮದುವೆಮನೆಗಳಲ್ಲಿ ಸೋಬಾನೆ ಹಾಡಿದವರು. ಅವರ ಹತ್ತಿರ ಒಂದು ಹಾಡು ಕಲಿತೆ. ಸಾಲು ಸಾಲಾಗಿ ರೆಕಾರ್ಡ್ ಮಾಡಿಕೊಂಡೆ. ಶ್ರುತಿ ಅಳೆಯುವ ಆ್ಯಪ್ ಹಾಕಿಕೊಂಡೆ. ಅಜ್ಜಿಯ ಬಾಯಿಂದ ಒಂದು 'ಚೆನ್ನಾಗೈತೆ' ಬರಲಿ ಎಂಬುದಷ್ಟೇ ಆಸೆ.

"ಹೇಗಿತ್ತು ಅಜ್ಜಿ?"

"ತಪ್ಪೇನಿಲ್ಲ ಕಣಪ್ಪ. ಹಾಡೂ ಇಲ್ಲ."

ಶಿಷ್ಯೆ

ಅದೇ ಹಾಡನ್ನು ಆ ಹುಡುಗಿಗೆ ಕಲಿಸಿದೆ. ಒಂದು ದಿನ ಮೊಬೈಲನ್ನು ಅಜ್ಜಿಯ ಮುಂದಿಟ್ಟೆ. ಅವಳು ಹಾಡಿದಳು. ಅಜ್ಜಿ ಸುಲಿಯುತ್ತಿದ್ದ ಅವರೆಕಾಯಿ ಕೆಳಗಿಟ್ಟರು.

"ಏನ್ ಗಂಟಲವ್ವ ನಿಂದು, ಜೇನು ಸುರ್ದಂಗೈತೆ. ಯಾರು ಕಲಿಸಿದ್ದು?"

"ನಾನೇ ಅಜ್ಜಿ."

"ಅಂಗಾದ್ರೆ ಬಲು ಬುದ್ಧಿವಂತೆ. ತಾನೇ ತಿದ್ಕೊಂಡವಳೆ."

ಅಜ್ಜಿ ಏನಂದರು ಎಂದು ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು. ಪರವಾಗಿಲ್ಲವಂತೆ ಎಂದೆ.

"ಅಷ್ಟೇನಾ? ತುಂಬಾ ಹೊತ್ತು ಮಾತಾಡಿದರಲ್ಲ?"

"ಕನ್ನಡ ಸ್ವಲ್ಪ ಉದ್ದದ ಭಾಷೆ."

ಬೀಗರ ಹಾಡು

ಮದುವೆಯಲ್ಲಿ ಒಂದು ಕಡೆಯವರು ಇನ್ನೊಂದು ಕಡೆಯವರನ್ನು ಹಾಡಿನಲ್ಲೇ ಹಂಗಿಸುತ್ತಾರೆ. ಅವರು ಅಲ್ಲೇ ಹಾಡು ಕಟ್ಟಿ ತಿರುಗಿ ಕೊಡಬೇಕು. ಕೊಡಲಾಗದವರು ಸೋತಂತೆ, ಎಲೆ ಅಡಿಕೆ ತರಬೇಕು. ಅಜ್ಜಿಯ ಮನೆತನದ ಪದ್ಧತಿ ಇದು. ಬಾಯಿಪಾಠ ಮಾಡಿದ ಹುಡುಗಿ ಹಾಡು ಕಟ್ಟುವುದೆಲ್ಲಿಂದ ಎಂದು ಲೆಕ್ಕ ಹಾಕಿದೆ. ಕೊನೆಯ ಕಾಲ್‌ನಲ್ಲಿ, ಎರಡೂ ಕಾಲೇಜಿನವರ ಎದುರು, ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಶುರು ಮಾಡಿದೆ:

ಹಿಮದೂರ ಬೀಗಿತ್ತಿ ಬಂದಾಳೆ ನೋಡಿ
ಮುದ್ದೆಯ ಕಂಡು ಚೆಂಡೆಂದಳು

ಅವಳು ಬಾಯಿ ತೆರೆದಳು. ಏನೂ ಬರಲಿಲ್ಲ. ಗೆದ್ದೆನೆಂದು ಅಜ್ಜಿಯ ಕಡೆ ತಿರುಗಿದೆ. ಅಜ್ಜಿ ನನ್ನನ್ನು ಪಕ್ಕಕ್ಕೆ ಸರಿಸಿ, ಮೊಬೈಲಿನ ಮುಂದೆ ಕೂತು ಅವಳ ಪರವಾಗಿ ಹಾಡಿದರು:

ಮಹಡೀಯ ಮೇಲಿನ ಬೀಗನ ನೋಡಿ
ಮೊಬೈಲ ಕೇಳಿ ದನಿ ತೆಗೆದಾನೆ
ಸಾರು ಸೀದರೂ ಮೂಗಿಗೆ ತಿಳಿಯದು
ಸೋಬಾನೆ ಕಲಿಸೋಕೆ ಹೊಂಟವನೆ

ತಿರುಗಿ ಹಾಡಲು ನನಗೆ ಒಂದು ಸಾಲೂ ಹೊಳೆಯಲಿಲ್ಲ. ನನ್ನ ಕ್ಲಾಸಿನವರೇ ಮೊದಲು ಚಪ್ಪಾಳೆ ತಟ್ಟಿದರು. ಅಂಗಡಿಗೆ ಹೋಗಿ ಎಲೆ ಅಡಿಕೆ ತಂದೆ. ಅಜ್ಜಿ ಒಂದು ಪಾಲು ತಾವಿಟ್ಟುಕೊಂಡು, ಇನ್ನೊಂದನ್ನು ಮೊಬೈಲಿನ ಮುಂದೆ ಇಟ್ಟರು.

"ಅಜ್ಜಿ, ನೀವು ನನ್ನ ಕಡೆಯವರಲ್ವಾ?"

"ನೀನು ಬಾಡಿಗೆಗಿರೋನು ಕಣಪ್ಪ," ಎಂದರು ಅಜ್ಜಿ. "ಅವಳು ನಮ್ಮನೆ ಹುಡುಗಿ."