ಮೀನಖಂಡಕ್ಕೆ ಹುರುಳಿಕಟ್ಟು

ನಮ್ಮ ಕಡೆ ಯಾರಿಗಾದರೂ ಪೆಟ್ಟಾಯಿತೆಂದರೆ ಮೊದಲು ಶಿಕ್ಷೆಯಾಗುವುದು ಅವರ ನಾಲಿಗೆಗೆ. ಬಿದ್ದದ್ದು ಕಾಲು, ಊದಿದ್ದು ಕಾಲು, ಪಥ್ಯ ಮಾತ್ರ ಬಾಯಿಗೆ. ಅವರೆಕಾಳು ನಂಜು, ಬದನೆಕಾಯಿ ನಂಜು, ಕಡಲೆಬೀಜ ನಂಜು, ಹುರುಳಿಯಂತೂ ಮಹಾ ನಂಜು. ಇವೆಲ್ಲ ತಿಂದರೆ ಗಾಯ ಕೀವಾಗುತ್ತದೆ, ಪೆಟ್ಟಾದ ಜಾಗ ಬಾತುಕೊಳ್ಳುತ್ತದೆ ಎಂಬುದು ನನ್ನ ಅಮ್ಮನ ನಂಬಿಕೆ. ಎಲ್ಲ ಕಳೆದು ಉಳಿಯುವುದು ಗಂಜಿ. ಗಂಜಿಗೆ ಉಪ್ಪು ಹಾಕಬಹುದೇ ಎಂಬ ವಿಷಯದಲ್ಲಿ ಮಾತ್ರ ಹಿರಿಯರಲ್ಲಿ ಭಿನ್ನಾಭಿಪ್ರಾಯವಿದೆ.

ನಾನು ಜಾವಗಲ್ಲಿನಿಂದ ದಿನಾ ಬಸ್ಸಿನಲ್ಲಿ ಹಳೇಬೀಡಿಗೆ ಹೋಗಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡುವುದು ನನ್ನ ಚಟ. ಬಸ್ಸು ಎಷ್ಟು ತಡವಾಯಿತು, ಎಷ್ಟು ಮಕ್ಕಳು ಭಿನ್ನರಾಶಿಯಲ್ಲಿ ಎಡವಿದರು, ಸೀಮೆಸುಣ್ಣ ಎಷ್ಟು ದಿನ ಬಂತು, ಎಲ್ಲಕ್ಕೂ ನನ್ನ ಡೈರಿಯಲ್ಲಿ ಒಂದೊಂದು ಕಾಲಂ ಉಂಟು. ಈ ಸಲ ಬೇಲೂರಿನಲ್ಲಿ ನಡೆಯಲಿದ್ದ ಶಿಕ್ಷಕರ ಕ್ರೀಡಾಕೂಟಕ್ಕೆ ನಮ್ಮ ಶಾಲೆಯ ಥ್ರೋಬಾಲ್ ತಂಡದಲ್ಲಿ ನನಗೂ ಸ್ಥಾನ ಸಿಕ್ಕಿತ್ತು. ಶಾಲೆಯಲ್ಲಿ ಓದುವಾಗ ಯಾವ ಆಟಕ್ಕೂ ಯಾರೂ ನನ್ನನ್ನು ಕರೆದದ್ದಿಲ್ಲ. ಎರಡು ತಂಡ ಮಾಡಿ ಮುಗಿದ ಮೇಲೆ ಉಳಿಯುತ್ತಿದ್ದವಳು ನಾನೇ. ಹಾಗಾಗಿ ಆಯ್ಕೆಯಾದ ದಿನದ ಪುಟದಲ್ಲಿ ಆ ಒಂದು ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೆ. ಮೊದಲನೇ ಅಭ್ಯಾಸದಲ್ಲೇ ಎಗರಿ ಚೆಂಡು ಹಿಡಿದೆ. ಚೆಂಡು ಕೈಯಲ್ಲಿ ಉಳಿಯಿತು, ಮೀನಖಂಡದಲ್ಲಿ ಏನೋ ಪಟ್ಟೆಂದಿತು. ಬಿದ್ದ ರಭಸಕ್ಕೆ ಮೊಣಕಾಲೂ ತರಚಿತು.

ಅರಸೀಕೆರೆಯ ಫಿಸಿಯೋಥೆರಪಿ ಡಾಕ್ಟರು ನನಗಿಂತ ಸ್ವಲ್ಪವೇ ದೊಡ್ಡವರು. ಕಾಲು ಒತ್ತಿ, ಮಡಿಸಿ, ನಾನು ಎಷ್ಟು ಜೋರಾಗಿ ಕೂಗುತ್ತೇನೆಂದು ನೋಡಿ, "ಸ್ನಾಯು ಸ್ವಲ್ಪ ಹರಿದಿದೆ. ವಾಸಿಯಾಗುತ್ತೆ. ಸ್ನಾಯು ಬೆಸೆದುಕೊಳ್ಳೋಕೆ ಪ್ರೋಟೀನ್ ಬೇಕು. ಪ್ರತಿ ಊಟದಲ್ಲೂ ಕಾಳು, ಬೇಳೆ, ಹಾಲು, ಮೊಸರು ಏನಾದರೂ ಇರಲಿ. ನೋವು ಇಳಿದ ಮೇಲೆ ಗೋಡೆ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸೋದು ಶುರು ಮಾಡಿ," ಎಂದರು. "ಬೇಲೂರಿನ ಆಟಕ್ಕೆ ಆಗುತ್ತಾ ಸರ್?" ಎಂದೆ. "ಹೇಳಿದಷ್ಟು ಮಾಡಿದ್ರೆ ಆಗಬಹುದು," ಎಂದರು. ನಾನು ಕೇಳಿಸಿಕೊಂಡದ್ದು 'ಆಗಬಹುದು' ಎಂಬುದನ್ನು ಮಾತ್ರ. ಬಸ್ಸಿನಲ್ಲೇ ಡೈರಿ ತೆಗೆದು 'ಪ್ರೋಟೀನ್' ಎಂದು ಹೊಸ ಕಾಲಂ ಎಳೆದೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಗಂಜಿಯ ಪಾತ್ರೆಯಿಂದ ಕಣ್ಣೆತ್ತಲೇ ಇಲ್ಲ.

"ಪೆಟ್ಟಾದೋರಿಗೆ ಕಾಳು ಕೊಡ್ತಾರೇನೇ? ನಂಜಾಗ್ತೈತೆ. ಸುಮ್ಕೆ ಗಂಜಿ ಕುಡ್ದು ಬಿದ್ಕೋ."

"ಡಾಕ್ಟರು ಹೇಳಿದ್ದಮ್ಮ."

"ನಂಜಾದ್ರೆ ಆ ಡಾಕ್ಟ್ರು ಬಂದು ರಾತ್ರಿಯೆಲ್ಲ ನಿನ್ ಪಕ್ಕ ಕೂತ್ಕೋತಾರಾ? ಕೂತ್ಕೊಳೋಳು ನಾನು."

ಇದಕ್ಕೆ ಗಣಿತದಲ್ಲಿ ಉತ್ತರವಿಲ್ಲ. ನಮ್ಮದು ಮೊಟ್ಟೆಯ ಮುಖ ಕಾಣದ ಅಡುಗೆಮನೆ. ಕಾಳೂ ಇಲ್ಲವೆಂದರೆ ನನ್ನ ಮೀನಖಂಡ ಬರೀ ಭಕ್ತಿಯಿಂದ ಬೆಸೆದುಕೊಳ್ಳಬೇಕು. ನನ್ನ ಪಾಲಿಗೆ ದೇವರಂತೆ ಬಂದವರು ತೆಂಗಿನ ತೋಟದಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದ ಅಪ್ಪ.

"ಅಲ್ಲ ಕಣೇ, ನಮ್ ಕೆಂದೆತ್ತು ಕಾಲು ಉಳುಕಿಸಿಕೊಂಡಾಗ ಏನ್ ಕೊಟ್ಟಿದ್ವಿ? ಗಂಜಿ ಕುಡಿಸಿದ್ವಾ? ಹುರುಳಿ ಬೇಯಿಸಿ ಬೇಯಿಸಿ ಅದರ ಮೇವಿನ ಬಾನಿಗೆ ಸುರಿದೋಳು ನೀನೇ ಅಲ್ವಾ?"

"ಎತ್ತು ನೇಗಿಲು ಎಳೀಬೇಕಿತ್ತು ಕಣ್ರೀ. ಇವಳೇನ್ ಎಳೀತಾಳೆ?"

"ಥ್ರೋಬಾಲ್ ಆಡ್ತೀನಮ್ಮ."

"ಅದನ್ನ ಆಡಕ್ಕೋಗೇ ಅಲ್ವಾ ಬಿದ್ದಿದ್ದು?"

"ಎತ್ತು ಎದ್ದಿತೋ ಇಲ್ವೋ, ಅದು ಹೇಳು," ಎಂದರು ಅಪ್ಪ. ಆ ರಾತ್ರಿ ಅಮ್ಮ ಹುರುಳಿ ನೆನೆಹಾಕಿದ ಸದ್ದು ಕೇಳಿಸಿತು. ಎತ್ತಿನ ದಯೆಯಿಂದ ನನಗೆ ನ್ಯಾಯ ಸಿಕ್ಕಿತು.

ಆಮೇಲಿನ ದಿನಗಳ ಉತ್ಸಾಹವನ್ನು ಏನೆಂದು ಹೇಳಲಿ. ಅಮ್ಮನದು ಒಂದು ಗುಣ. ಬೇಡವೆಂದರೆ ಚಮಚವೂ ಇಲ್ಲ, ಸರಿಯೆಂದರೆ ಹಂಡೆ. ಮುದ್ದೆಗೆ ಹುರುಳಿಕಟ್ಟಿನ ಸಾರು, ಬೆಳಿಗ್ಗೆ ಹೆಸರುಕಾಳಿನ ಉಸಲಿ, ಸಂಜೆ ಹುರಿಗಡಲೆ, ಮಲಗುವ ಮುಂಚೆ ಹಾಲು. ಗಾಯಕ್ಕೆ ನಂಜಾಗಿದೆಯೇ ಎಂದು ದಿನಾ ಬೆಳಿಗ್ಗೆ ಮೊಣಕಾಲು ನೋಡುವಳು. ಅದು ಒಣಗುತ್ತಾ ಬಂದಂತೆ ಹುರುಳಿಯ ಅಳತೆ ಹೆಚ್ಚಿಸುವಳು. ನಾನು ದಿವಾನದ ಮೇಲೆ ಕಾಲು ಚಾಚಿ ಉಂಡದ್ದನ್ನೆಲ್ಲ ಬರೆಯುತ್ತಿದ್ದೆ. ಕಾಲಂ ತುಂಬಿದಷ್ಟೂ ಸ್ನಾಯು ತುಂಬುತ್ತಿದೆ ಎನಿಸುತ್ತಿತ್ತು. ಕಣ್ಣು ಮುಚ್ಚಿದರೆ ಬೇಲೂರಿನ ಮೈದಾನ, ಬಲೆಯ ಎತ್ತರಕ್ಕೆ ಹಾರಿದ ನಾನು. ನೋವೂ ಇಳಿಯಿತು. ತಂಡದ ನಾಯಕಿ, ನಮ್ಮ ದೈಹಿಕ ಶಿಕ್ಷಕಿ ಸುಮಾ ಮೇಡಂಗೆ ಫೋನ್ ಮಾಡಿ "ನನ್ನ ಜಾಗ ಯಾರಿಗೂ ಕೊಡಬೇಡಿ," ಎಂದೆ.

ಆಟಕ್ಕೆ ವಾರವಿರುವಾಗ ಮತ್ತೆ ಅರಸೀಕೆರೆಗೆ ಹೋದೆ. ಡಾಕ್ಟರು ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಎತ್ತಲು ಹೇಳಿದರು. ಎತ್ತಿದೆ. ಅಂದರೆ, ನಾನು ಎತ್ತಿದೆ, ಹಿಮ್ಮಡಿ ಏಳಲಿಲ್ಲ.

"ವ್ಯಾಯಾಮ ದಿನಾ ಎಷ್ಟು ಸಲ ಮಾಡಿದ್ರಿ?"

ನಾನು ಡೈರಿ ಬಿಡಿಸಿ ಪ್ರೋಟೀನ್ ಪುಟ ತೋರಿಸಿದೆ. ಅವರು ಗಂಭೀರವಾಗಿ ಓದಿದರು. "ಊಟ ಚೆನ್ನಾಗಿದೆ. ವ್ಯಾಯಾಮ ಎಲ್ಲಿ?" ಅದಕ್ಕೆ ನಾನು ಕಾಲಂ ಎಳೆದಿರಲಿಲ್ಲ. ಕಾಲಂ ಇಲ್ಲದ ಕೆಲಸ ನನ್ನ ಪಾಲಿಗೆ ಲೋಕದಲ್ಲೇ ಇಲ್ಲ.

"ನೋಡಿ ಮೇಡಂ, ಊಟ ಅನ್ನೋದು ಇಟ್ಟಿಗೆ ತಂದು ಹಾಕುತ್ತೆ. ಕಟ್ಟೋ ಕೆಲಸ ಕಾಲೇ ಮಾಡಬೇಕು. ನೀವು ಇಟ್ಟಿಗೆ ರಾಶಿ ಹಾಕಿಕೊಂಡು ಅದರ ಮೇಲೆ ಮಲಗಿದ್ದೀರ. ಈಗ ಎಗರಿದ್ರೆ ಮತ್ತೆ ಅದೇ ಜಾಗ ಹರಿಯುತ್ತೆ. ಈ ಸಲ ಆಟ ಬೇಡ."

ಅಮ್ಮನಿಗೆ ಹೇಳಿದಾಗ ಅವಳು ನಗಲಿಲ್ಲ, ಅದು ಅವಳ ದೊಡ್ಡತನ. "ಎತ್ತನ್ನ ನಿಮ್ಮಪ್ಪ ದಿನಾ ಕೆರೆ ಏರಿ ಮೇಲೆ ನಡೆಸ್ತಿದ್ರು ಕಣೇ," ಎಂದಷ್ಟೇ ಅಂದಳು. ಈ ಮಾತನ್ನು ಅಪ್ಪ ಮೊದಲೇ ಹೇಳಬಹುದಿತ್ತು.

ಆದರೂ ಬೇಲೂರಿಗೆ ಹೋದೆ. ಸುಮಾ ಮೇಡಂ ಪಾಪ, ನನ್ನ ಮುಖ ನೋಡಲಾರದೆ, "ಆಡೋಕಾಗದಿದ್ರೆ ಏನಾಯ್ತು, ಸ್ಕೋರ್ ಬರೀರಿ. ನಿಮ್ಮಷ್ಟು ಅಚ್ಚುಕಟ್ಟಾಗಿ ಬರೆಯೋರು ಯಾರಿದ್ದಾರೆ?" ಎಂದು ಮೇಜಿನ ಮುಂದೆ ಕೂರಿಸಿದರು. ಫೈನಲ್ ತಲುಪಿದೆವು. ಕೊನೆಯ ಸುತ್ತು ಎಷ್ಟು ಬಿರುಸಾಗಿತ್ತೆಂದರೆ ನಾನು ಕೂತಲ್ಲೇ ಎಗರುತ್ತಿದ್ದೆ. ತೀರ್ಪುಗಾರರು ಸೀಟಿ ಊದಿ ನಮ್ಮ ತಂಡ ಹದಿನೈದು ಮುಟ್ಟಿ ಗೆದ್ದಿತೆಂದು ಕೈ ಎತ್ತಿದರು. ನಮ್ಮವರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಕುಣಿದರು. ನಾನೂ ಕುಣಿಯುವವಳೇ. ಆದರೆ ಕೈಯಲ್ಲಿ ಹಾಳೆ ಇತ್ತು.

"ಸರ್, ನಮ್ಮದು ಹದಿನಾಲ್ಕೇ. ಆಗಲೇ ಗೆರೆ ತುಳಿದದ್ದಕ್ಕೆ ಒಂದು ಪಾಯಿಂಟ್ ನೀವೇ ವಾಪಸ್ ತಗೊಂಡ್ರಿ," ಎಂದೆ.

ತೀರ್ಪುಗಾರರು ಹಾಳೆ ನೋಡಿ ತಲೆಯಾಡಿಸಿದರು. ಆಟ ಮುಂದುವರಿಯಿತು. ಎದುರು ತಂಡದವರು ಗೆದ್ದರು, ಗೆದ್ದು ನನ್ನ ಕೈ ಕುಲುಕಿ ಹೋದರು.

ವಾಪಸ್ ಬರುವ ಬಸ್ಸಿನಲ್ಲಿ ನಮ್ಮ ತಂಡದವರೆಲ್ಲ ನನ್ನ ಪಕ್ಕದ ಸೀಟು ಖಾಲಿ ಬಿಟ್ಟು ಕೂತರು. ಹಳೇಬೀಡು ಹತ್ತಿರ ಬಂದಾಗ ಸುಮಾ ಮೇಡಂ ಪಕ್ಕಕ್ಕೆ ಬಂದು ಕೂತರು. "ಮೇಡಂ, ನಾಳೆಯಿಂದ ಹಿಮ್ಮಡಿ ಎತ್ತೋದು ನಾನೇ ನಿಂತು ಮಾಡಿಸ್ತೀನಿ. ಹುರುಳಿ ಬೇಕಾದ್ರೆ ನಮ್ಮನೆಯಿಂದಲೂ ತರ್ತೀನಿ. ಮುಂದಿನ ವರ್ಷ ನೀವು ಆಡಲೇಬೇಕು," ಎಂದರು. ನನ್ನ ಕಣ್ಣು ತುಂಬಿ ಬಂತು. ನನ್ನ ಆಟದ ಮೇಲೆ ಇಷ್ಟು ನಂಬಿಕೆ ಇಟ್ಟವರು ಈವರೆಗೆ ಯಾರೂ ಇರಲಿಲ್ಲ.

"ನಾನು ಅಷ್ಟು ಚೆನ್ನಾಗಿ ಆಡ್ತೀನಾ ಮೇಡಂ?" ಎಂದು ಕೇಳಿದೆ.

"ಹೇಗಾದ್ರೂ ಆಡಿ. ಆ ಮೇಜಿನ ಹತ್ತಿರ ಮಾತ್ರ ನಿಮ್ಮನ್ನ ಇನ್ನೊಂದು ಸಲ ಕೂರಿಸೋಕಾಗಲ್ಲ," ಎಂದರು.