ನಮ್ಮ ಕಾಕಾ ಎಂಬ ಹೈಡ್ರೋಜನ್

ನಮ್ಮ ಕಾಕಾ ಮನುಷ್ಯನೇ ಅಲ್ಲ, ಹೈಡ್ರೋಜನ್! ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಸಿಲಿಕಾನ್ ಪದರ ಕಾಯಿಸುತ್ತ ಕೂತವನು ಹೇಳುತ್ತಿದ್ದೇನೆ, ನಂಬಿ.

ಅಪ್ಪನಿಗೆ ಈ ತಮ್ಮನದೇ ಚಿಂತೆ. ಕಂಡಾಗೆಲ್ಲ ಒಂದೇ ಪ್ರಶ್ನೆ: "ನಿನ್ನಿಂದ ಯಾರಿಗರ ಉಪಯೋಗ ಐತೇನ್ಲೇ?"

ಕಾಕಾ ನಗುತ್ತಿದ್ದ.

ಪರಮಾಣುಗಳಲ್ಲೆಲ್ಲ ಸಣ್ಣದು ಹೈಡ್ರೋಜನ್. ಕರೆಯದಿದ್ದರೂ ಪದರದೊಳಗೆ ನುಸುಳುತ್ತದೆ. ಹುಬ್ಬಳ್ಳಿ ಬಸ್ಸಿನಲ್ಲಿ ಮೂವರ ಸೀಟಿಗೆ ಕಾಕಾ ನಾಲ್ಕನೆಯವನಾಗುತ್ತಿದ್ದದ್ದೂ ಹೀಗೇ. "ತುಸು ಸರೀರಿ" ಅನ್ನುವಷ್ಟರಲ್ಲಿ ಕೂತೇ ಬಿಟ್ಟಿರುತ್ತಿದ್ದ! ಕಿಟಕಿಗೆ ಅಂಟಿಕೊಂಡವರು ಇಳಿಯುವ ಹೊತ್ತಿಗೆ ಅವರಿಗೆ ನಮ್ಮ ಮನೆತನವೆಲ್ಲ ಬಾಯಿಪಾಠ.

ಪದರದಲ್ಲಿ ಕೆಲಸಕ್ಕೆಂದೇ ನಾವು ಬೆರೆಸಿದ ಬೋರಾನ್ ಇರುತ್ತದೆ. ವಿದ್ಯುತ್ ಹರಿಯುವುದು ಅದರ ದುಡಿಮೆಯಿಂದ. ಹೈಡ್ರೋಜನ್ ಅದರ ಬಾಜೂ ಹೋಗಿ ಕೂತಿತೋ, ದುಡಿಮೆ ಬಂದ್! ನವಲಗುಂದದ ನಮ್ಮ ಓಣಿಯ ಟೇಲರ್‌ನ ಗತಿಯೂ ಅದೇ.

"ಕಾಕಾರ, ಮದಿವಿ ಅರಿವಿ ಅದಾವ್ರಿ, ಸಂಜಿಗೆ ಕೊಡಬೇಕು."

"ಹೊಲಿಯೋ ಮಾರಾಯಾ! ನಾ ಏನ್ ನಿನ್ನ ಕೈ ಹಿಡದೀನೇನು?"

ಹಿಡಿದದ್ದು ಕಿವಿ, ಮುಗಿಯದ ಹರಟೆಯಿಂದ! ಕೊನೆಗೆ ಟೇಲರ್ ಗುಟ್ಟಾಗಿ ಫ್ಯಾನ್ ಆರಿಸಿ, "ಕರೆಂಟ್ ಹೋತ್ರಿ" ಅನ್ನತೊಡಗಿದ. ಸೆಕೆಯ ಕುದಿ ಏರಿದ್ದೇ ಕಾಕಾ ಎದ್ದು ಹೋಗುತ್ತಿದ್ದ, ಮಷೀನು ಮತ್ತೆ ಗಡಗಡ. ನಾವು ಮಾಡುತ್ತಿದ್ದದ್ದೂ ಇದನ್ನೇ. ಪದರ ಕಾಯಿಸಿದರೆ ಹೈಡ್ರೋಜನ್ ಜಾಗ ಬಿಡುತ್ತದೆ, ಬೋರಾನ್ ಕೆಲಸಕ್ಕೆ ಹತ್ತುತ್ತದೆ. ಆದರೆ ಹೈಡ್ರೋಜನ್ ಮರುದಿನ ಬೆಳಿಗ್ಗೆ "ಕರೆಂಟ್ ಬಂತೇನಪಾ?" ಅಂತ ಇಣುಕುವುದಿಲ್ಲ!

ಅವ್ವ ತೀರಿಕೊಂಡ ಬೇಸಿಗೆಯಲ್ಲಿ ಅಪ್ಪ ಮಾತು ಬಿಟ್ಟ, ಊಟ ಬಿಟ್ಟ. ಪಡಸಾಲೆಯ ಜಮಖಾನದ ಮೇಲೆ, ಅವ್ವ ಕೂರುತ್ತಿದ್ದ ಕಡೆ ಕೈ ಚಾಚಿ ಕೂತಿರುತ್ತಿದ್ದ. ಪದರದಲ್ಲೂ ಹೀಗೆ ಜೊತೆ ಕಳೆದುಕೊಂಡು ಕೈ ಚಾಚಿದ ಪರಮಾಣುಗಳಿರುತ್ತವೆ. ನಾವು ಅದನ್ನು ದೋಷ ಎಂದು ಕರೆಯುತ್ತೇವೆ. ಕಾಕಾ ಬಂದು ಬಾಜೂ ಕೂತ. ಅಷ್ಟರಲ್ಲಿ ಫ್ಯಾನ್ ನಿಂತಿತು.

ನಿಂತಿತೇ? "ಆಗ ಪಡಸಾಲ್ಯಾಗ ಫ್ಯಾನೇ ಇರಲಿಲ್ಲ" ಅನ್ನುತ್ತಾಳೆ ತಂಗಿ. ಇರಲಿಕ್ಕಿಲ್ಲ. ಹೋಲಿಕೆಗೆ ಇಷ್ಟು ಹೊಂದಿಕೊಳ್ಳುವ ನೆನಪಿನ ಮೇಲೆ ನನಗೇ ಭರವಸೆಯಿಲ್ಲ. ಆದರೆ ಕಾಕಾನ ಅಂಗಿ ಬೆವರಿಗೆ ಬೆನ್ನಿಗಂಟಿದ್ದು ಅವಳಿಗೂ ನೆನಪಿದೆ. ಹಾಗೆ ಚಾಚಿದ ಕೈಯನ್ನು ಒಮ್ಮೆ ಹಿಡಿದು ದೋಷ ತುಂಬಿದ ಹೈಡ್ರೋಜನ್, ಬೋರಾನ್‌ನಿಂದ ಅದನ್ನು ಬಿಡಿಸುವ ಶಾಖಕ್ಕೆಲ್ಲ ಜಗ್ಗುವುದಿಲ್ಲ. ಕಾಕಾ ಏಳಲಿಲ್ಲ. ಮಾತೂ ಆಡಲಿಲ್ಲ, ನಮ್ಮ ಕಾಕಾ!

ಕೊನೆಗೆ ಅಪ್ಪನೇ ಬಾಯಿಬಿಟ್ಟ: "ಅಗದಿ ಕುದಿ ಐತಿ. ಎದ್ದು ಹೋಗಂಗಿಲ್ಲೇನ್ಲೇ?"

"ತುಸು ಸರಿ, ಅಣ್ಣಾ."

ಅಪ್ಪ ಸರಿದ. ಸರಿದು, ಒಳಗಿದ್ದ ತಂಗಿಯನ್ನು ಕೂಗಿದ: "ಇವಂಗ ರೊಟ್ಟಿ ತಾರವಾ... ನನಗೂ ಒಂದು."