ಸ್ವಿಚ್ ಬೋರ್ಡಿನ ಮೇಲಿನ ಕುಂಬಾರ ಹುಳ

ಪೇಚಿನ ಪ್ರಸಂಗಗಳಿಗೆ ನಾಚಿಕೆ ಸ್ವಭಾವದವರ ವಿಳಾಸ ಹೇಗೋ ಗೊತ್ತಿರುತ್ತದೆ. ನನ್ನ ಪಾಲಿನದು ಹಾರಿಕೊಂಡೇ ಬಂತು.

೧. ಹುಣಸೆಕಾಯಿ

ಸಿಂದಗಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕು, ಖೋಲಿಯೊಂದನ್ನು ಬಾಡಿಗೆಗೆ ಹಿಡಿದಿದ್ದೆ. ಅದರ ಸ್ವಿಚ್ ಬೋರ್ಡಿನ ಮೇಲೆ ಕುಂಬಾರ ಹುಳವೊಂದು ಮಣ್ಣಿನ ಗೂಡು ಕಟ್ಟಿತು. ಮನೆ ಮಾಲಕಿ ಕಾಕು ಅದನ್ನು ನೋಡಿದವರೇ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು.

"ಯವ್ವಾ, ಇದು ಬಸುರಿ ಇದ್ದ ಮನ್ಯಾಗಷ್ಟ ಗೂಡು ಕಟ್ಟತೈತಿ. ನಿನ್ನ ಲಗ್ನ ಆಗಿಲ್ಲಲ್ಲ?"

"ಇಲ್ರಿ ಕಾಕು" ಎನ್ನುವಷ್ಟರಲ್ಲಿ ನನ್ನ ಕಿವಿಯೆಲ್ಲ ಬಿಸಿ. ಕೆಡವಲು ಕಸಬರಿಗೆ ಎತ್ತಿದರೆ, "ಒಡಿಬ್ಯಾಡ, ಪಾಪ ಹತ್ತತೈತಿ" ಎಂದು ಕಸಿದುಕೊಂಡರು. ಸಂಜೆ ಹುಣಸೆಕಾಯಿ ತಂದುಕೊಟ್ಟರು. ಬೇಡ ಎನ್ನಲು ಸಂಕೋಚವಾಗಿ ತಿಂದೆ.

"ರುಚಿ ಹತ್ತಿತೇನ?"

"ಹೂನ್ರಿ."

ಕಾಕು ಹಣೆ ಹಣೆ ಬಡಿದುಕೊಂಡರು.

೨. ಗುರುತು

ಸುದ್ದಿ ನನಗಿಂತ ಮೊದಲೇ ಶಾಲೆ ಮುಟ್ಟಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ಹೊಟ್ಟೆಯ ಕಡೆ ನೋಡುತ್ತಿದ್ದರು. ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡಕ್ಕೆ ಎಳೆದು ತರುತ್ತ ಪಾಠವನ್ನೇ ಶುರು ಮಾಡಿದೆ.

"ಅದು ಬರೇ ಒಂದು ಕಣಜದ ಹುಳಾರಿ. ಗುರುತು ಹಿಡಿಯೋದು ಸಸಾರ ಐತಿ. ಮೈ ಕರಿ, ಕಾಲಾಗ ಹಳದಿ, ಸೊಂಟ ದಾರದಷ್ಟ ಸಣ್ಣ. ಜೇನಿನಂಗ ಗುಂಪಿನ್ಯಾಗ ಇರಂಗಿಲ್ಲ. ಜೇಡ ಕುಟುಕಿ ತಂದು ಗೂಡಿನ್ಯಾಗ ತುಂಬಿ, ತತ್ತಿ ಇಟ್ಟು ಬಾಯಿ ಮೆತ್ತತೈತಿ. ಎಲ್ಲಾ ಹೆಣ್ಣು ಹುಳ ಒಂದ ಮಾಡತೈತ್ರಿ. ಗಂಡು ಯಾವುದು, ಎಲ್ಲಿ ಹೋತು, ಯಾರಿಗೂ ಗೊತ್ತಿರಂಗಿಲ್ಲ."

ಗಣಿತದ ಮೇಡಂ ಚಹಾದ ಕಪ್ಪು ಕೆಳಗಿಟ್ಟರು. "ನಾವೂ ಅದನ್ನ ಕೇಳಾಕತ್ತೇವಿ ನೋಡವಾ."

೩. ಸಾಕ್ಷಿ

ತಿಂಗಳುಗಳು ಹೋದವು, ಹೊಟ್ಟೆ ಮುಂದೆ ಬರಲಿಲ್ಲ. ಕೊನೆಗೂ ಕಾಕು ನನ್ನನ್ನು ನಂಬಿದರು. ಪ್ರಾಯಶ್ಚಿತ್ತವೋ ಎಂಬಂತೆ ಮುದ್ದೇಬಿಹಾಳದ ಒಂದು ಸಂಬಂಧವನ್ನೂ ತಂದರು. ಹುಡುಗನ ಫೋಟೋ ನನಗೆ ಬಹಳ ಹಿಡಿಸಿತ್ತು. ಇದೊಂದು ತಪ್ಪಿಹೋಗದಿರಲಿ ಎಂದು ದೇವರಿಗೆ ಹೇಳಿಕೊಂಡಿದ್ದೆ.

ಹುಡುಗನ ಕಡೆಯವರು ಬಸವನ ಬಾಗೇವಾಡಿಯ ನಮ್ಮ ಮನೆಗೆ ನನ್ನನ್ನು ನೋಡಲು ಬಂದರು. ಕಾಕು ಜೊತೆಗಿದ್ದರು. ನಾನು ಚಹಾ ಹಿಡಿದು ಬರುವ ಹೊತ್ತಿಗೆ ಹುಡುಗನ ತಾಯಿ ಬಾಗಿಲ ಚೌಕಟ್ಟಿನತ್ತ ತಲೆ ಎತ್ತಿದರು.

"ಏನ್ರಿ, ಇಲ್ಲಿ ಕುಂಬಾರ ಹುಳ ಗೂಡು ಕಟ್ಟೈತಲ್ಲ?"

ಎಲ್ಲರ ಕಣ್ಣೂ ನನ್ನ ಮೇಲೆ. "ನಾ ಇಲ್ಲಿ ಇರಂಗಿಲ್ರಿ, ಸಿಂದಗ್ಯಾಗ ಇರತೇನಿ!" ಎಂದುಬಿಟ್ಟೆ.

ಕಣ್ಣುಗಳೆಲ್ಲ ನಮ್ಮವ್ವನ ಕಡೆ ಹೊರಳಿದವು. ಅಪ್ಪ ಫ್ಯಾನು ನೋಡತೊಡಗಿದರು. ಆಗ ಅಣ್ಣನ ಹೆಂಡತಿ, ನಮ್ಮ ವೈನಿ, ತಲೆ ಮೇಲೆ ಸೆರಗು ಎಳೆದುಕೊಂಡು, "ನಾನರಿ… ಇನ್ನೂ ಯಾರಿಗೂ ಹೇಳಿದ್ದಿಲ್ಲ" ಎಂದಳು.

ಮನೆಯೆಲ್ಲ ನಗು. ಹುಡುಗನ ತಾಯಿ ವೈನಿಯ ಬಾಯಿಗೆ ಸಕ್ಕರೆ ಹಾಕಿ, "ಹುಳಾ ಸುಳ್ಳು ಹೇಳಂಗಿಲ್ಲ ನೋಡ್ರಿ!" ಎಂದರು. ನಾನು ತಡೆದಿದ್ದ ಉಸಿರು ಬಿಟ್ಟೆ.

ಕಾಕುಗೆ ಹುರುಪು ತಡೆಯಲಾಗಲಿಲ್ಲ. ತೊಡೆ ತಟ್ಟಿ ಎಲ್ಲರಿಗೂ ಕೇಳುವಂತೆ ಹೇಳಿದರು:

"ಎಂದೂ ಹೇಳಂಗಿಲ್ಲ ಬಿಡ್ರಿ! ಸಿಂದಗ್ಯಾಗ ಈಕಿ ಖೋಲ್ಯಾಗೂ ಕಟ್ಟೈತಿ!"